ಹಗುರ ಕೋವಿ, ಭಾರೀ ನಂಬಿಕೆಗಳು

ಎನ್‌ಸಿಸಿಯಲ್ಲಿ ಒಮ್ಮೆಯಾದರೂ ಗುಂಡು ಹಾರಿಸಿದವರನ್ನು .22 ರೈಫಲ್ ಬಗ್ಗೆ ಕೇಳಿ ನೋಡಿ. ‘ಅದಾ? ಇಪ್ಪತ್ತೈದು ಗಜದ ಕೋವಿ’ ಎಂಬ ಉತ್ತರ ತಯಾರಾಗಿರುತ್ತದೆ. ಕೆಡೆಟ್‌ಗಳಿಗೆ ಈ ರೈಫಲ್ಲಿನ ಪರಿಣಾಮಕಾರಿ ದೂರ 25 ಗಜ ಎಂದೇ ಬಾಯಿಪಾಠ ಮಾಡಿಸುತ್ತಾರೆ. ಶಿಬಿರದಲ್ಲಿ ಬೋರಲು ಮಲಗಿ ಐದು ಗುಂಡು ಹೊಡೆಸುವುದೂ ಅಷ್ಟೇ ದೂರದಿಂದ. ಅಲ್ಲಿಂದಾಚೆಗೆ ಆ ಕೋವಿ ಅವರ ಮನಸ್ಸಿನಲ್ಲಿ ಅರ್ಧ ಆಟಿಕೆಯಾಗಿಯೇ ಉಳಿದುಬಿಡುತ್ತದೆ.

25 ಗಜ ಎಂಬುದು ಹೊಸಬರಿಗೆ ಕಲಿಸಲು ಇಟ್ಟುಕೊಂಡ ಅಂತರ. ಗುಂಡು ಅಲ್ಲಿಗೇ ನಿಲ್ಲುವುದಿಲ್ಲ. ಒಲಿಂಪಿಕ್ಸ್‌ನಲ್ಲಿ ಇದೇ .22 ಲಾಂಗ್ ರೈಫಲ್ ತೋಟೆ ಬಳಸಿ 50 ಮೀಟರ್ ದೂರದ ಗುರಿಗೆ ಹೊಡೆಯುತ್ತಾರೆ. ಅಲ್ಲಿ ಹತ್ತು ಅಂಕದ ವೃತ್ತದ ಅಗಲ ಬರೀ 10.4 ಮಿಲಿಮೀಟರ್. 2024ರ ಪ್ಯಾರಿಸ್ ಕೂಟದಲ್ಲಿ ಕೊಲ್ಹಾಪುರ ಕಡೆಯ ಸ್ವಪ್ನಿಲ್ ಕುಸಾಳೆ 451.4 ಅಂಕ ಗಳಿಸಿ ಕಂಚು ಗೆದ್ದದ್ದು ಈ ಸ್ಪರ್ಧೆಯಲ್ಲೇ. 2008ರಲ್ಲಿ ಅಭಿನವ್ ಬಿಂದ್ರಾ, 2012ರಲ್ಲಿ ಗಗನ್ ನಾರಂಗ್ ಗೆದ್ದ ಪದಕಗಳನ್ನೂ ಹಲವರು ಇದೇ ಲೆಕ್ಕಕ್ಕೆ ಸೇರಿಸುತ್ತಾರೆ. ಅವೆರಡೂ 10 ಮೀಟರ್ ಏರ್ ರೈಫಲ್‌ನವು, ಮದ್ದಿಲ್ಲದ ಕೋವಿಯವು.

ಇನ್ನು ಆಟಿಕೆ ಎನ್ನುವವರು ಅಮೆರಿಕದ ತೋಟೆ ಪೆಟ್ಟಿಗೆಯನ್ನೊಮ್ಮೆ ತಿರುಗಿಸಿ ನೋಡಬೇಕು. ಒಂದೂವರೆ ಮೈಲಿಯವರೆಗೂ ಅಪಾಯ ಎಂಬ ಎಚ್ಚರಿಕೆ ಅದರ ಮೇಲೆ ಅಚ್ಚಾಗಿರುತ್ತದೆ. ದುಂಡು ಮೂತಿಯ ಈ ಸೀಸದ ಗುಂಡು ಕಲ್ಲಿಗೋ ನೀರಿಗೋ ಓರೆಯಾಗಿ ತಗುಲಿದರೆ ಪುಟಿದು ಎತ್ತಲೋ ಹೋಗುತ್ತದೆ. ಗುರಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬ ಇಲ್ಲದ ಕಡೆ .22 ಕೂಡ ಹಾರಿಸುವ ಹಾಗಿಲ್ಲ.

.22ರದ್ದು ರಿಮ್‌ಫೈರ್, ಎಂದರೆ ಅಂಚಿನಲ್ಲಿ ಹೊತ್ತಿಕೊಳ್ಳುವ ತೋಟೆ. ಹಿತ್ತಾಳೆಯ ಪುಟ್ಟ ಕೊಳವೆಯ ತಳದ ಮಡಿಕೆಯೊಳಗೇ ಸಿಡಿಯುವ ಮಸಾಲೆ ಸವರಿರುತ್ತದೆ. ಕೋವಿಯ ಮೊಳೆ ಆ ಅಂಚನ್ನು ಜಜ್ಜಿದಾಗ ಕಿಡಿ ಹುಟ್ಟುತ್ತದೆ. ಒಮ್ಮೆ ಜಜ್ಜಿದ ಕೊಳವೆಗೆ ಮತ್ತೆ ಮದ್ದು ತುಂಬಿ ಬಳಸಲಾಗದು. 1887ರಲ್ಲಿ ಅಮೆರಿಕದ ಸ್ಟೀವನ್ಸ್ ಕಂಪನಿ ಹೊರತಂದ .22 ಲಾಂಗ್ ರೈಫಲ್ ತೋಟೆ ಇಂದಿಗೂ ಜಗತ್ತಿನ ಎಲ್ಲ ಕಡೆ ಓಡುತ್ತಿರುವುದಕ್ಕೆ ಕಾರಣ ಅಗ್ಗದ ಬೆಲೆ, ಭುಜಕ್ಕೆ ಗೊತ್ತೇ ಆಗದ ಒದೆತ.

ಕೊಳ್ಳಲು ಹೊರಟವರ ಬಾಯಲ್ಲಿ ಮೊದಲು ಬರುವ ಮಾತು, ‘ಗುರಿಗಾದರೆ ಭಾರದ್ದೇ ಬೇಕು.’ ಟೀವಿಯಲ್ಲಿ ಕಾಣುವ ಒಲಿಂಪಿಕ್ ರೈಫಲ್‌ಗಳೇ ಈ ನಂಬಿಕೆಯ ಮೂಲ. 50 ಮೀಟರ್ ರೈಫಲ್‌ಗೆ ಎಂಟು ಕಿಲೋವರೆಗೂ ತೂಕಕ್ಕೆ ಅವಕಾಶವಿದ್ದದ್ದು ನಿಜ. ಭಾರದ ಕೋವಿ ನಿಧಾನವಾಗಿ ತೂಗಾಡುತ್ತದೆ, ನಾಡಿಯ ಮಿಡಿತಕ್ಕೆ ಬೇಗ ಅಲುಗುವುದಿಲ್ಲ ಎಂಬುದೂ ನಿಜ. ಆದರೆ ಆ ಭಾರವನ್ನು ಹೊರುವುದು ತೋಳಲ್ಲ. ಪಳಗಿದ ಕ್ರೀಡಾಪಟು ನಿಂತಾಗ ಎಡ ಮೊಣಕೈಯನ್ನು ಸೊಂಟದ ಎಲುಬಿಗೆ ಊರಿರುತ್ತಾರೆ, ಮೈಗೆ ದಪ್ಪ ಕ್ಯಾನ್ವಾಸಿನ ಜಾಕೆಟ್ ಬಿಗಿದಿರುತ್ತಾರೆ, ಹಿಂದೆ ವರ್ಷಗಟ್ಟಲೆಯ ತರಬೇತಿ ಇರುತ್ತದೆ. ಇದ್ಯಾವುದೂ ಇಲ್ಲದ ಹೊಸಬರು ಐದಾರು ಕಿಲೋ ಎತ್ತಿ ಹಿಡಿದರೆ ಹತ್ತನೇ ಗುಂಡಿನ ಹೊತ್ತಿಗೆ ತೋಳು ನಡುಗುತ್ತದೆ. ಆ ನಡುಕ ಸೀದಾ ಕಾಗದದ ಮೇಲೆ ಕಾಣುತ್ತದೆ.

ಹಗುರ ರೈಫಲ್ಲಿಗಾಗಿಯೇ ಮೀಸಲಾದ ಸ್ಪರ್ಧೆಯೂ ಇದೆ. ಅಮೆರಿಕದ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ನಡೆಸುವ ‘ರಿಮ್‌ಫೈರ್ ಸ್ಪೋರ್ಟರ್’ ಪಂದ್ಯದಲ್ಲಿ ಕೋವಿ ಏಳೂವರೆ ಪೌಂಡ್, ಅಂದರೆ ಸುಮಾರು 3.4 ಕಿಲೋ ಮೀರುವಂತಿಲ್ಲ. ಟ್ರಿಗರ್ ಕನಿಷ್ಠ ಮೂರು ಪೌಂಡ್ ಎಳೆತ ತಡೆಯಬೇಕು. ದೂರದರ್ಶಕ ಹಾಕಿದರೆ ಆರು ಪಟ್ಟಿಗಿಂತ ಹೆಚ್ಚು ಹಿಗ್ಗಿಸಬಾರದು. ಮಲಗಿ, ಕುಳಿತು, ನಿಂತು ಒಟ್ಟು 60 ಗುಂಡು, 50 ಮತ್ತು 25 ಗಜಗಳಿಂದ. ಅಂಗಡಿಯಲ್ಲಿ ಸಿಗುವ ಸಾಧಾರಣ ಕೋವಿ ಹಿಡಿದು ಮನೆಮಂದಿಯೆಲ್ಲ ಬರಲಿ ಎಂಬುದೇ ಈ ನಿಯಮಗಳ ಉದ್ದೇಶ. ಬಡಾಯಿಯ ಉಪಕರಣಕ್ಕೆ ಬಾಗಿಲು ಮುಚ್ಚಿದ ಇಂಥ ಪಂದ್ಯ ನಮ್ಮಲ್ಲೂ ಇದ್ದರೆ ಚೆನ್ನಿತ್ತು ಎನಿಸುತ್ತದೆ.

ಆ ಪಂದ್ಯದಲ್ಲಿ ಹೆಚ್ಚು ಕಾಣುವ ಕೋವಿಗಳಲ್ಲಿ ರೂಗರ್ 10/22 ಒಂದು. 1964ರಲ್ಲಿ ಬಂದದ್ದು, ತೂಕ ಸುಮಾರು 2.3 ಕಿಲೋ, ಹತ್ತು ಗುಂಡಿನ ಸುತ್ತುವ ಮ್ಯಾಗಜಿನ್. ಗುಂಡು ಹಾರಿದೊಡನೆ ಮುಂದಿನದು ತಾನೇ ಒಳಸೇರುತ್ತದೆ. ‘ತಾನೇ ತುಂಬಿಕೊಳ್ಳುವ ಕೋವಿಯಲ್ಲಿ ಗುರಿ ಇರುವುದಿಲ್ಲ, ಬೋಲ್ಟೇ ಬೇಕು’ ಎನ್ನುವವರಿದ್ದಾರೆ. ಮಾತು ಪೂರ್ತಿ ಸುಳ್ಳಲ್ಲ. ಸ್ಯಾವೇಜ್ ಮಾರ್ಕ್ 2, ಸಿಝಡ್ 457ನಂಥ ಬೋಲ್ಟ್ ರೈಫಲ್‌ಗಳು ಸಾಮಾನ್ಯವಾಗಿ ಗುಂಡುಗಳನ್ನು ಇನ್ನಷ್ಟು ಒತ್ತಾಗಿ ಕೂರಿಸುತ್ತವೆ. ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ತಳ್ಳುವಾಗ ಹೊಸಬರ ಆತುರವೂ ಇಳಿಯುತ್ತದೆ. ಹಾಗೆಂದು ಈ ಅಂತರ ಹೊಸಬರ ಕೈ ಮಾಡುವ ತಪ್ಪಿನ ಮುಂದೆ ಲೆಕ್ಕಕ್ಕೆ ಬಾರದು. ಸ್ಪೋರ್ಟರ್ ಪಂದ್ಯದ ವೇಗದ ಸುತ್ತುಗಳಲ್ಲಿ ಬೋಲ್ಟ್ ಹಿಡಿದವರಿಗೆ ಐದು ಸೆಕೆಂಡು ಹೆಚ್ಚು ಕೊಟ್ಟು ಲೆಕ್ಕ ಸರಿದೂಗಿಸುತ್ತಾರೆ.

ತೂಕಕ್ಕಿಂತ ನೋಡಬೇಕಾದದ್ದು ಅಳತೆ. ಟ್ರಿಗರ್‌ನಿಂದ ಹಿಡಿಯ ತುದಿಯವರೆಗಿನ ಉದ್ದ ಮೈಕಟ್ಟಿಗೆ ಹೊಂದದಿದ್ದರೆ ಕತ್ತು ಚಾಚಬೇಕಾಗುತ್ತದೆ, ಕೆನ್ನೆ ಪ್ರತಿಸಲ ಬೇರೆ ಬೇರೆ ಜಾಗದಲ್ಲಿ ಕೂರುತ್ತದೆ. ದೊಡ್ಡವರ ಕೋವಿ ಕೊಟ್ಟು ‘ಬೆಳೆದಂತೆ ಸರಿಹೋಗುತ್ತದೆ’ ಎನ್ನುವುದು ಮಕ್ಕಳ ಅಂಗಿಗೆ ಸಲ್ಲುವ ಬುದ್ಧಿ, ಕೋವಿಗಲ್ಲ. ಅದಕ್ಕೇ ಸ್ಯಾವೇಜ್‌ನವರ ರಾಸ್ಕಲ್ ಎಂಬ ಒಂದೇ ಗುಂಡಿನ ಪುಟ್ಟ ರೈಫಲ್ ಒಂದೂವರೆ ಕಿಲೋ ಕೂಡ ತೂಗುವುದಿಲ್ಲ. ರೂಗರ್ ಅಮೆರಿಕನ್ ರಿಮ್‌ಫೈರ್‌ನಲ್ಲಿ ಹಿಡಿಯ ಹಿಂಭಾಗವನ್ನೇ ಬದಲಿಸಿಕೊಳ್ಳಬಹುದು.

ಉದ್ದ ನಳಿಗೆಯ ಬಗೆಗಿನ ಭ್ರಮೆಗೆ ಎರಡು ಮಾತು ಸಾಕು. .22 ತೋಟೆಯಲ್ಲಿರುವುದು ಚಿಟಿಕೆ ಮದ್ದು. ಹದಿನಾರು ಹದಿನೆಂಟು ಇಂಚಿನೊಳಗೇ ಅದರ ಕೆಲಸ ಮುಗಿಯುತ್ತದೆ. ಅದಕ್ಕಿಂತ ಉದ್ದದ ನಳಿಗೆಯಿಂದ ಬರಿಗಣ್ಣಿನ ಸೈಟ್ ಬಳಸುವವರಿಗೆ ಲಾಭವುಂಟು, ಏಕೆಂದರೆ ಹಿಂದಿನ ಮತ್ತು ಮುಂದಿನ ಸೈಟುಗಳ ನಡುವೆ ಅಂತರ ಹೆಚ್ಚಿದಷ್ಟೂ ಓರೆ ಬೇಗ ಕಣ್ಣಿಗೆ ಬೀಳುತ್ತದೆ. ಗುಂಡಿಗೆ ಮಾತ್ರ ಅದರಿಂದ ಏನೂ ಸಿಗದು.

ತೋಟೆಯ ವಿಷಯದಲ್ಲಿ ನಂಬಿಕೆಗೂ ನಿಜಕ್ಕೂ ಅಜಗಜಾಂತರ. ‘ಹೈ ವೆಲಾಸಿಟಿ’ ಎಂದು ದೊಡ್ಡಕ್ಷರದಲ್ಲಿ ಬರೆದ ಪೆಟ್ಟಿಗೆಯನ್ನು ಎಲ್ಲರೂ ಮೊದಲು ಎತ್ತಿಕೊಳ್ಳುತ್ತಾರೆ. ವೇಗ ಹೆಚ್ಚಿದ್ದರೆ ಗಾಳಿಗೆ ವಾಲುವುದು ಕಡಿಮೆ ತಾನೇ? .22ರಲ್ಲಿ ಆಗುವುದು ಉಲ್ಟಾ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಸಾಧಾರಣ ವೇಗದ ಗುಂಡು 330ರ ಆಸುಪಾಸಿನಲ್ಲಿ ಹೊರಟು ಉದ್ದಕ್ಕೂ ಶಬ್ದಕ್ಕಿಂತ ಹಿಂದೆಯೇ ಸಾಗುತ್ತದೆ. ವೇಗದ ಗುಂಡು 380ರಲ್ಲಿ ಹೊರಡುತ್ತದೆ; ಆದರೆ ಶಬ್ದದ ವೇಗದ ಸುತ್ತಮುತ್ತ ಗಾಳಿಯ ಎಳೆತ ಏಕಾಏಕಿ ಏರುವುದರಿಂದ 50 ಮೀಟರ್ ಹೊತ್ತಿಗೆ ಆ ಹೆಚ್ಚುವರಿ ವೇಗದ ದೊಡ್ಡ ಪಾಲನ್ನು ಕಳೆದುಕೊಂಡಿರುತ್ತದೆ. ಅಡ್ಡಗಾಳಿ ಗುಂಡನ್ನು ಎಷ್ಟು ತಳ್ಳುತ್ತದೆಂಬುದು ಎಳೆತದಿಂದ ಗುಂಡು ಎಷ್ಟು ತಡವಾಯಿತು ಎಂಬುದರ ಮೇಲೆ ನಿಂತಿದೆ. ಹಾಗಾಗಿ ಅದೇ ತೂಕದ ವೇಗದ ಗುಂಡೇ ಗಾಳಿಗೆ ಹೆಚ್ಚು ವಾಲುತ್ತದೆ. ಒಲಿಂಪಿಕ್ಸ್‌ನವರು ನಿಧಾನದ ತೋಟೆಯನ್ನೇ ಆರಿಸುವುದು ಉಳಿತಾಯಕ್ಕಲ್ಲ.

ದುಬಾರಿ ತೋಟೆ ತಂದರೆ ಸಾಕು ಎನ್ನುವುದೂ ಪೂರ್ತಿ ಸರಿಯಲ್ಲ. ಒಂದೇ ಮಾದರಿಯ ಎರಡು ರೈಫಲ್‌ಗಳಿಗೆ ಒಂದೇ ತೋಟೆ ಒಪ್ಪಬೇಕೆಂದಿಲ್ಲ. ಒಂದರಲ್ಲಿ ಐದು ಗುಂಡು ಒಂದರ ಮೇಲೊಂದು ಕೂತರೆ ಇನ್ನೊಂದರಲ್ಲಿ ಚೆದುರಬಹುದು. ಅದೇ ತೋಟೆಯ ಬೇರೆ ಲಾಟ್, ಅಂದರೆ ಬೇರೆ ಕಂತಿನಲ್ಲಿ ತಯಾರಾದದ್ದು, ತಂದರೆ ಫಲ ಮತ್ತೆ ಬದಲಾಗಬಹುದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಈಲಿ ಕಂಪನಿಯೂ ಜರ್ಮನಿಯ ಶೋನೆಬೆಕ್‌ನಲ್ಲಿ ಲಾಪುವಾ ಕಂಪನಿಯೂ ಇದಕ್ಕೆಂದೇ ಪರೀಕ್ಷಾ ರೇಂಜ್ ಇಟ್ಟುಕೊಂಡಿವೆ. ಕ್ರೀಡಾಪಟುಗಳು ತಮ್ಮ ರೈಫಲ್ ಒಯ್ದು, ಅದನ್ನು ಬಿಗಿಯಾಗಿ ಕೂರಿಸಿ, ಲಾಟ್ ಮೇಲೆ ಲಾಟ್ ಹಾರಿಸಿ, ಒಪ್ಪಿದ್ದನ್ನೇ ಪೆಟ್ಟಿಗೆಗಟ್ಟಲೆ ಕೊಳ್ಳುತ್ತಾರೆ. ಮನೆಮಟ್ಟದಲ್ಲಿ ಇದರ ಸಣ್ಣ ರೂಪ ಸುಲಭ: ಸಿಗುವ ಮೂರ್ನಾಲ್ಕು ಬಗೆಯ ತೋಟೆಯಲ್ಲಿ ಒಂದೊಂದು ಪೆಟ್ಟಿಗೆ ತಂದು, ಮರಳುಚೀಲದ ಮೇಲೆ ಕೋವಿಯಿಟ್ಟು, ಪ್ರತಿಯೊಂದರಲ್ಲೂ ಐದೈದು ಗುಂಡಿನ ಹಲವು ಗುಂಪು ಹೊಡೆದು ಹೋಲಿಸುವುದು. ಒಂದೇ ಗುಂಪು ನೋಡಿ ತೀರ್ಮಾನಿಸಿದರೆ ಅದೃಷ್ಟವನ್ನು ಅಳೆದಂತಾಗುತ್ತದೆ.

ದೂರದರ್ಶಕ ಹಾಕಿದರೆ ಗುರಿ ತಾನಾಗಿ ಬರುತ್ತದೆ ಎಂಬ ಆಸೆಗೆ ಒಲಿಂಪಿಕ್ ನಿಯಮವೇ ಉತ್ತರ. ಅಲ್ಲಿ ದೂರದರ್ಶಕ ನಿಷಿದ್ಧ. ಚಿಕ್ಕ ತೂತಿನ ಪೀಪ್ ಸೈಟಿನಲ್ಲಿ ನೋಡಿಯೇ ಆ 10.4 ಮಿಲಿಮೀಟರ್‌ಗೆ ಹೊಡೆಯುತ್ತಾರೆ. ಕಣ್ಣಿಗೆ ವಯಸ್ಸಾದವರು ಹಾಕಿಕೊಳ್ಳಲಿ, ಅಡ್ಡಿಯಿಲ್ಲ. ದೊಡ್ಡ ರೈಫಲ್ಲಿನ ದೂರದರ್ಶಕವನ್ನು ಕಿತ್ತು .22ಕ್ಕೆ ಕೂರಿಸುವಾಗ ಮಾತ್ರ ಎಚ್ಚರ ಬೇಕು. ಅವನ್ನು ಸಾಮಾನ್ಯವಾಗಿ 100 ಗಜಕ್ಕೋ ಅದಕ್ಕಿಂತ ದೂರಕ್ಕೋ ಹೊಂದಿಸಿರುತ್ತಾರೆ. ಹತ್ತಿರದ ಗುರಿ ನೋಡುವಾಗ ಕಣ್ಣು ಕೊಂಚ ಸರಿದರೂ ಅಡ್ಡಗೆರೆ ಗುರಿಯ ಮೇಲೆ ಜಾರುತ್ತದೆ. ರಿಮ್‌ಫೈರ್‌ಗೆಂದೇ ಮಾಡಿದ್ದು 50 ಗಜಕ್ಕೆ ಹೊಂದಿಸಿ ಬರುತ್ತದೆ.

ಕೋವಿಯ ವಿಷಯದಲ್ಲಿ ಕರ್ನಾಟಕದ ಮಾತೆಂದರೆ ಕೊಡಗಿನದು. ಕೈಲ್ ಪೊಳ್ದ್ ಹಬ್ಬದ ಸುಮಾರಿಗೆ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ನಡೆಯುತ್ತವೆ. 12 ಬೋರ್ ಜೊತೆಗೆ .22 ವಿಭಾಗವೂ ಇರುತ್ತದೆ. ‘ಕೊಡಗಿನಲ್ಲಿ ಯಾವ ಕೋವಿಗೂ ಲೈಸೆನ್ಸ್ ಬೇಡ’ ಎಂಬ ಮಾತು ಘಟ್ಟದ ಕೆಳಗೂ ಮೇಲೂ ಓಡಾಡುತ್ತಿರುತ್ತದೆ. ವಿನಾಯಿತಿ ಇರುವುದು ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಭೂಮಿಯ ಹಿಡುವಳಿದಾರರಿಗೆ, ಕೊಡಗಿನಲ್ಲಿ ವಾಸಿಸುವ ಎಲ್ಲರಿಗೂ ಅಲ್ಲ. ಅದೂ ಮಿತಿಯೊಳಗೆ: ಒಂದು ರೈಫಲ್, ಅದಕ್ಕೆ 100 ಗುಂಡು, ಒಂದು ನಯ ನಳಿಗೆಯ ಕೋವಿ, ಅದಕ್ಕೆ 500 ತೋಟೆ. ಪಿಸ್ತೂಲು, ರಿವಾಲ್ವರ್ ಇದರಲ್ಲಿ ಸೇರಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು.

ಉಳಿದವರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯೇ ಗತಿ. .22 ಚಿಕ್ಕದೆಂದು ಅದಕ್ಕೆ ರಿಯಾಯಿತಿಯಿಲ್ಲ, ಲೈಸೆನ್ಸ್ ಬೇಕೇ ಬೇಕು. 2016ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡವಾದದ್ದು 4.5 ಮಿಲಿಮೀಟರ್ ಮೀರದ, 20 ಜೌಲ್ ಶಕ್ತಿಯೊಳಗಿನ ಏರ್ ರೈಫಲ್ಲಿಗೆ. ಪಂದ್ಯದ ಏರ್ ರೈಫಲ್ ಗುಂಡಿನ ಶಕ್ತಿ ಏಳೆಂಟು ಜೌಲ್, ಸಾಧಾರಣ .22 ಗುಂಡಿನದು 140ರ ಹತ್ತಿರ. ಕಾನೂನು ಎರಡನ್ನೂ ಬೇರೆ ಬೇರೆ ತಟ್ಟೆಯಲ್ಲಿಟ್ಟದ್ದು ಇದಕ್ಕೇ. ಗುರಿ ಕಲಿಯುವುದಷ್ಟೇ ಉದ್ದೇಶವಾದವರು ಏರ್ ರೈಫಲ್ ಕೊಂಡು, .22ಕ್ಕೆ ರೈಫಲ್ ಕ್ಲಬ್ಬಿನ ಮೊರೆ ಹೋಗುವುದು ಜೇಬಿಗೂ ಹಗುರ.

ಕೊಡಗಿನ ವಿನಾಯಿತಿಯ 100 ಗುಂಡಿನ ಮಿತಿ ಗುರಿಕಾರನಿಗೆ ಏನೇನೂ ಸಾಲದು. ಸ್ಪೋರ್ಟರ್ ಪಂದ್ಯ ಒಂದಕ್ಕೇ 60 ಬೇಕು. ಆದರೆ ಗುಂಡು ಹಾರಿಸಿದರಷ್ಟೇ ಅಭ್ಯಾಸ ಎಂಬುದೂ ಭ್ರಮೆ. ದೊಡ್ಡ ದೊಡ್ಡ ಕ್ರೀಡಾಪಟುಗಳು ಗಂಟೆಗಟ್ಟಲೆ ಖಾಲಿ ಟ್ರಿಗರ್ ಎಳೆಯುತ್ತಾರೆ. ರಿಮ್‌ಫೈರ್‌ನಲ್ಲಿ ಇದಕ್ಕೊಂದು ತೊಡಕಿದೆ. ಒಳಗೆ ತೋಟೆ ಇಲ್ಲದಾಗ ಹಲವು ಹಳೆಯ ಕೋವಿಗಳ ಮೊಳೆ ನೇರ ನಳಿಗೆಯ ಅಂಚಿಗೇ ಬಡಿಯುತ್ತದೆ. ರೂಗರ್ 10/22ಗೆ ಖಾಲಿ ಹೊಡೆತದಿಂದ ತೊಂದರೆಯಿಲ್ಲ ಎಂದು ಕಂಪನಿಯೇ ಹೇಳುತ್ತದೆ. ಉಳಿದವುಗಳಲ್ಲಿ ಹಾರಿಸಿದ ತೋಟೆಯ ಖಾಲಿ ಕೊಳವೆಯನ್ನು ಒಳಗಿಟ್ಟು, ಒಂದೆರಡು ಹೊಡೆತಕ್ಕೊಮ್ಮೆ ಹೊಸ ಅಂಚು ಮೊಳೆಗೆ ಸಿಗುವಂತೆ ತಿರುಗಿಸುತ್ತ ಹೋಗಬೇಕು.

ಹಳೆಯ ಕೋವಿ ಕೊಳ್ಳುವಾಗ ನೋಡಬೇಕಾದ ಜಾಗಗಳಲ್ಲಿ ಮೊಳೆ ಬಡಿಯುವ ಆ ನಳಿಗೆಯ ಅಂಚೂ ಒಂದು. ಬಹಳ ಹೊಡೆದ ನಳಿಗೆ ಸವೆದು ಹೋಗಿರುತ್ತದೆ ಎಂದು ಬಹುಮಂದಿ ಹಳೆಯದನ್ನು ಮುಟ್ಟುವುದಿಲ್ಲ. ಮೆತ್ತನೆಯ ಸೀಸದ ಗುಂಡು, ಕಡಿಮೆ ಒತ್ತಡದ ಮದ್ದು; .22 ನಳಿಗೆ ಹತ್ತಾರು ಸಾವಿರ ಗುಂಡಿಗೆ ಜಗ್ಗುವುದಿಲ್ಲ. ಚೆಕ್ ದೇಶದ ಹಳೆಯ ಬ್ರನೋ ಮಾಡೆಲ್ 2 ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಕಣ್ಣುಮುಚ್ಚಿ ಬಿಡುವ ಕೋವಿಯಲ್ಲ. ಇಂದಿನ ಸಿಝಡ್ 457 ಅದೇ ವಂಶದ್ದು. ನಳಿಗೆಯನ್ನು ಕೆಡಿಸುವುದು ಗುಂಡಲ್ಲ, ತುಕ್ಕು ಮತ್ತು ಅತಿ ಶುಚಿತ್ವ. ಕಬ್ಬಿಣದ ಸಲಾಕೆಯನ್ನೋ ಮಣ್ಣು ಹತ್ತಿದ ಪುಲ್‌ಥ್ರೂ ದಾರವನ್ನೋ ದಿನಾ ಎಳೆದೆಳೆದು ಮೂತಿಯ ಅಂಚನ್ನು ಸವೆಸಿದ ರೈಫಲ್‌ಗಳು ಬೇಕಾದಷ್ಟಿವೆ. ಬೆಳಕಿಗೆ ಹಿಡಿದಾಗ ಮೂತಿಯ ಅಂಚು ಸುತ್ತಲೂ ಒಂದೇ ಸಮನಾಗಿ ಕಾಣಬೇಕು. ನಳಿಗೆಯೊಳಗೆ ಕಪ್ಪು ಉಂಗುರದಂಥ ನೆರಳು ಬೀಳುತ್ತಿದ್ದರೆ ಅಲ್ಲಿ ಉಬ್ಬಿದೆ ಎಂದರ್ಥ, ಅದನ್ನು ಅಲ್ಲೇ ಬಿಟ್ಟು ಬರಬೇಕು. ಬೋಲ್ಟ್ ತೆಗೆದು ತೋಟೆ ಕೂರುವ ಬಾಯಿಯ ಅಂಚಿನಲ್ಲಿ ಬೆರಳಾಡಿಸಿದಾಗ ಮೊಳೆ ಬಡಿದ ತಗ್ಗು ಸಿಕ್ಕರೆ ಗಾಬರಿ ಬೇಡ. ತೋಟೆ ಸರಾಗವಾಗಿ ಒಳಹೋಗಿ ಹೊರಬಂದರೆ ಆಯಿತು. ಸಿಕ್ಕಿಕೊಂಡರೆ ನುರಿತ ಕೋವಿ ರಿಪೇರಿಯವರು ಒಳಗೆ ತಳ್ಳಿದ ಲೋಹವನ್ನು ಹಿಂದಕ್ಕೊತ್ತಿ ಸರಿಮಾಡಬಲ್ಲರು. ಬೆಲೆ ಇಳಿಸಿ ಕೇಳಲು ಅದು ಒಳ್ಳೆಯ ನೆಪವೂ ಹೌದು.