ಮಾದರಿ ಲಾರಿಯಲ್ಲಿ ಇತಿಹಾಸನಿಷ್ಠೆ



ಪ್ಲಾಸ್ಟಿಕ್ಕಿನ ಬಿಡಿಭಾಗಗಳನ್ನು ಅಂಟಿಸಿ ಪುಟ್ಟ ಲಾರಿಯೊಂದನ್ನು ಕಟ್ಟುವುದು ಮಕ್ಕಳಾಟವೆಂದು ಭಾವಿಸುವವರೇ ಹೆಚ್ಚು. ನಾವೂ ಬಹುಕಾಲ ಹಾಗೆಯೇ ಭಾವಿಸಿದ್ದೆವು. ಪೆಟ್ಟಿಗೆಯೊಳಗಿನ ಭಾಗಗಳನ್ನು ಹಳೆಯ ಛಾಯಾಚಿತ್ರಗಳ ಪಕ್ಕದಲ್ಲಿಟ್ಟು ಹೋಲಿಸತೊಡಗಿದ ಮೇಲೆ, ಈ ಹವ್ಯಾಸವು ಇತಿಹಾಸದ ಅಧ್ಯಯನಕ್ಕೆ ಒಂದು ಹಿತ್ತಿಲ ಬಾಗಿಲೆಂದು ನಮಗೆ ತೋರಿತು. ಆ ಬಾಗಿಲಿನಿಂದ ಕಂಡ ಕೆಲವು ಸಂಗತಿಗಳನ್ನು ತಮ್ಮ ಮುಂದಿಡುತ್ತೇವೆ.

ನಾವು ಆರಿಸಿಕೊಂಡದ್ದು ಎರಡನೆಯ ಮಹಾಯುದ್ಧದ ಅಮೆರಿಕನ್ ಸೈನ್ಯದ ಎರಡೂವರೆ ಟನ್ನಿನ ಜಿಎಂಸಿ ಲಾರಿ. ಇದರ ಅಧಿಕೃತ ಹೆಸರು ಸಿಸಿಕೆಡಬ್ಲ್ಯು. ಸೈನಿಕರ ಬಾಯಲ್ಲಿ ಅದು ‘ಜಿಮ್ಮಿ’. ಆ ನಾಲ್ಕು ಅಕ್ಷರಗಳು ಅರ್ಥಹೀನವಲ್ಲ. ಮೊದಲ ‘ಸಿ’ 1941ರ ವಿನ್ಯಾಸವನ್ನೂ, ಎರಡನೆಯ ‘ಸಿ’ ಎಂಜಿನ್ನಿನ ಹಿಂದೆ ಕುಳಿತ ಸಾಂಪ್ರದಾಯಿಕ ಕ್ಯಾಬಿನ್ನನ್ನೂ, ‘ಕೆ’ ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲ ಸಿಗುವುದನ್ನೂ, ‘ಡಬ್ಲ್ಯು’ ಹಿಂದಿನ ಎರಡು ಆಕ್ಸಲ್‌ಗಳಿಗೆ ಆ ಬಲ ಸಿಗುವುದನ್ನೂ ಸೂಚಿಸುತ್ತವೆ. ಮಿಷಿಗನ್ ರಾಜ್ಯದ ಪಾಂಟಿಯಾಕ್‌ನಲ್ಲಿಯೂ ಮಿಸೌರಿಯ ಸೇಂಟ್ ಲೂಯಿಸ್‌ನಲ್ಲಿಯೂ ಇವು ಐದು ಲಕ್ಷಕ್ಕೂ ಮಿಗಿಲಾಗಿ ತಯಾರಾದವು. ಉದ್ದನೆಯ ಮಾದರಿಯು ಸುಮಾರು ಆರೂವರೆ ಮೀಟರ್ ಇದ್ದಿತು. 1:35ರ ಅಳತೆಯಲ್ಲಿ ಅದು ಹದಿನೆಂಟೂವರೆ ಸೆಂಟಿಮೀಟರಿಗೆ ಇಳಿಯುತ್ತದೆ.

ಐದು ಲಕ್ಷ ಲಾರಿಗಳು ತಯಾರಾದವೆಂದರೆ ಐದು ಲಕ್ಷವೂ ಒಂದೇ ಬಗೆಯವಾಗಿರಲಿಲ್ಲವೆಂದೇ ಅರ್ಥ. ತಪ್ಪಿನ ಮೂಲವಿರುವುದು ಇಲ್ಲಿಯೇ. ಪೆಟ್ಟಿಗೆಯೊಳಗಿನ ಲಾರಿಗೆ ಹೆಸರಿರುತ್ತದೆ, ತಾರೀಖು ಇರುವುದಿಲ್ಲ. ಒಂದು ವರ್ಷದ ಕ್ಯಾಬಿನ್ನಿಗೆ ಮತ್ತೊಂದು ವರ್ಷದ ಬಾಡಿ, ಅದರ ಮೇಲೆ ಮೂರನೆಯ ವರ್ಷದ ಗುರುತು ಸೇರಿದರೆ, ಪ್ರತಿಯೊಂದು ಭಾಗವೂ ನಿಜವಾಗಿದ್ದು ಒಟ್ಟು ಲಾರಿಯು ಸುಳ್ಳಾಗುತ್ತದೆ. ಆದುದರಿಂದ ಅಂಟಿನ ಡಬ್ಬಿ ತೆರೆಯುವ ಮೊದಲು ಸ್ಥಳವನ್ನೂ ದಿನವನ್ನೂ ನಿಶ್ಚಯಿಸಿಕೊಳ್ಳಬೇಕು. ನಾವು ನಿಶ್ಚಯಿಸಿಕೊಂಡದ್ದು ಫ್ರಾನ್ಸ್ ದೇಶ, 1944ರ ಸೆಪ್ಟೆಂಬರ್ ಮೊದಲ ವಾರ. ಅದೇಕೆಂಬುದನ್ನು ಮುಂದೆ ಹೇಳುತ್ತೇವೆ.

ಮೊದಲು ಬಾಡಿಯ ವಿಚಾರ. ಆರಂಭದ ಲಾರಿಗಳಿಗೆ ಪೂರ್ತಿ ಉಕ್ಕಿನ ಬಾಡಿ ಇದ್ದಿತು. ಉಕ್ಕನ್ನು ಬೇರೆ ಕಾರ್ಯಗಳಿಗೆ ಉಳಿಸುವ ಸಲುವಾಗಿ 1942ರಲ್ಲಿ ಮರದ ಬಾಡಿಯನ್ನು ಬಳಕೆಗೆ ತಂದರು. ಮರವು ತಾಳಿಕೆ ಬಾರದಿರಲು, ಪಕ್ಕಗಳಿಗೆ ಉಕ್ಕು, ತಳಕ್ಕೆ ಹಲಗೆ ಎಂಬ ಮಿಶ್ರ ವಿಧಾನವನ್ನು ಪ್ರಯೋಗಿಸಿ, ಅದೂ ಸಮಾಧಾನ ತರದೆ ಕಡೆಗೆ ಮತ್ತೆ ಉಕ್ಕಿಗೇ ಮರಳಿದರು. ಕ್ಯಾಬಿನ್ನಿನ ಕಥೆಯೂ ಇಂತಹುದೇ. ಮೊದಲಿನದು ಉಕ್ಕಿನ ಮಾಡೂ ಬಾಗಿಲೂ ಇದ್ದ ಮುಚ್ಚಿದ ಕ್ಯಾಬಿನ್ನು. 1944ರ ಹೊತ್ತಿಗೆ ಹೊಸ ಲಾರಿಗಳಿಗೆ ಕ್ಯಾನ್ವಾಸಿನ ಮುಚ್ಚಿಗೆಯುಳ್ಳ ತೆರೆದ ಕ್ಯಾಬಿನ್ನು ಬಂದಿತ್ತು. ಹಡಗಿನಲ್ಲಿ ಸಾಗಿಸುವಾಗ ಜಾಗದ ಉಳಿತಾಯ, ಉಕ್ಕಿನ ಉಳಿತಾಯ ಎರಡೂ ಅದರಿಂದ ಸಾಧ್ಯವಾದವು. ಇಂತಹ ನಾಲ್ಕು ಲಾರಿಗಳಲ್ಲಿ ಒಂದಕ್ಕೆ ಮೆಷಿನ್‌ಗನ್ ನಿಲ್ಲಿಸುವ ಕಬ್ಬಿಣದ ಬಳೆಯನ್ನು ಜೋಡಿಸುತ್ತಿದ್ದರು. ಪೆಟ್ಟಿಗೆಯಲ್ಲಿ ಆ ಬಳೆ ಇದೆಯೆಂದ ಮಾತ್ರಕ್ಕೆ ಪ್ರತಿ ಲಾರಿಗೂ ಹಾಕಬೇಕಿಲ್ಲ. ಕಪಾಟಿನಲ್ಲಿ ನಾಲ್ಕು ಲಾರಿಗಳಿದ್ದರೆ ಮೂರಕ್ಕೆ ಬೇಡ.

ನಮ್ಮದು 1943ರಲ್ಲಿ ತಯಾರಾಗಿ, ಸಮುದ್ರ ದಾಟಿ, ಮರುವರ್ಷ ಫ್ರಾನ್ಸ್ ಸೇರಿದ ಲಾರಿಯೆಂದು ಭಾವಿಸಿ ಮುಚ್ಚಿದ ಕ್ಯಾಬಿನ್ನು, ಮರದ ಬಾಡಿ ಎರಡನ್ನೂ ಉಳಿಸಿಕೊಂಡೆವು. ಅಡಿಭಾಗದಲ್ಲಿ ಗಮನಿಸಬೇಕಾದದ್ದು ಆಕ್ಸಲ್ ಮಾತ್ರ. ಇದರಲ್ಲಿ ಎರಡು ಬಗೆ: ನಡುವೆ ಬೋಲ್ಟುಗಳ ಸಾಲಿನಿಂದ ಎರಡು ಹೋಳುಗಳನ್ನು ಕೂಡಿಸಿದ ಟಿಮ್ಕೆನ್ ಕಂಪನಿಯ ಆಕ್ಸಲ್, ಮತ್ತು ಬ್ಯಾಂಜೋ ವಾದ್ಯದ ಬುರುಡೆಯಂತೆ ದುಂಡಗಿನ ನುಣುಪಾದ ಉಬ್ಬುಳ್ಳ ಜನರಲ್ ಮೋಟಾರ್ಸ್ ಆಕ್ಸಲ್. ಒಂದು ಲಾರಿಗೆ ಯಾವುದೇ ಇರಲಿ, ಮೂರೂ ಆಕ್ಸಲ್‌ಗಳು ಒಂದೇ ಜಾತಿಯವಾಗಿರಬೇಕು. ಉಳಿದಿರುವ ಹಳೆಯ ಭಾಗಗಳನ್ನು ಬೆರೆಸುವವರು ಇಲ್ಲಿ ಎಡವುತ್ತಾರೆ.

ಇನ್ನು ದಪ್ಪದ ಲೆಕ್ಕ. ಪ್ಲಾಸ್ಟಿಕ್ಕನ್ನು ಅಚ್ಚಿನಲ್ಲಿ ಬಹಳ ತೆಳ್ಳಗೆ ಎರಕ ಹೊಯ್ಯಲಾಗದು. ಒಂದು ಮಿಲಿಮೀಟರ್ ದಪ್ಪದ ಭಾಗವು ಈ ಅಳತೆಯಲ್ಲಿ ಮೂವತ್ತೈದು ಮಿಲಿಮೀಟರ್ ದಪ್ಪದ ಉಕ್ಕಿಗೆ ಸಮ; ಅದು ಲಾರಿಯ ಮಡ್‌ಗಾರ್ಡಲ್ಲ, ಟ್ಯಾಂಕಿನ ಕವಚ! ಇಡೀ ಮಡ್‌ಗಾರ್ಡನ್ನು ತೆಳುವಾಗಿಸುವ ಅಗತ್ಯವಿಲ್ಲ, ಅಂಚನ್ನಷ್ಟೇ ಒಳಗಿನಿಂದ ಉಪ್ಪುಕಾಗದದಲ್ಲಿ ಉಜ್ಜಿ ಇಳಿಸಿದರೆ ಕಣ್ಣು ನಂಬುತ್ತದೆ. ಹಲಗೆಯ ವಿಚಾರದಲ್ಲಿ ತಪ್ಪು ಇನ್ನೊಂದು ಬಗೆಯದು. ಮರವೆಂದು ತೋರಿಸುವ ಉತ್ಸಾಹದಲ್ಲಿ ಹಲವರು ಸೂಜಿಯಿಂದ ಆಳವಾದ ಗೀರುಗಳನ್ನು ಎಳೆಯುತ್ತಾರೆ. ಕೂದಲೆಳೆಯಷ್ಟು ಗೀರೂ ನಿಜದ ಅಳತೆಯಲ್ಲಿ ಎದ್ದು ಕಾಣುವ ಬಿರುಕಾಗುತ್ತದೆಂಬುದನ್ನು ಮರೆಯುತ್ತಾರೆ. ಸೈನ್ಯದ ಹಲಗೆಗಳು ಬಣ್ಣ ಬಳಿದ ಹಲಗೆಗಳು. ಅಲ್ಲಿ ಕಾಣಬೇಕಾದದ್ದು ಹಲಗೆಗಳ ನಡುವಿನ ಸಂದು ಮತ್ತು ಸಾಮಾನು ಎಳೆದೆಳೆದು ಬಣ್ಣ ಸವೆದ ಜಾಗ. ಟಾರ್ಪಾಲಿನ ಬದಲು, ನೀರು ಬೆರೆಸಿದ ಬಿಳಿ ಅಂಟಿನಲ್ಲಿ ಅದ್ದಿದ ತೆಳುಕಾಗದವನ್ನು ಕಮಾನುಗಳ ಮೇಲೆ ಹೊದಿಸಿ ಒಣಗಲು ಬಿಟ್ಟರೆ ನೆರಿಗೆ ತಾನಾಗಿ ಬೀಳುತ್ತದೆ.

ಹೇರಿನ ಲೆಕ್ಕವು ನಮಗೆ ಅತ್ಯಂತ ಪ್ರಿಯವಾದದ್ದು. ಪೆಟ್ರೋಲ್ ತುಂಬಿದ ಇಪ್ಪತ್ತು ಲೀಟರಿನ ಜೆರ್ರಿಕ್ಯಾನುಗಳನ್ನು ಟಾರ್ಪಾಲಿನವರೆಗೆ ಜೋಡಿಸಿದ ಮಾದರಿಗಳನ್ನು ಪ್ರದರ್ಶನಗಳಲ್ಲಿ ತಾವು ಕಂಡಿರಬಹುದು. ಬಾಡಿಯ ತಳವು ಹನ್ನೆರಡು ಅಡಿ ಉದ್ದ, ಎಂಬತ್ತು ಅಂಗುಲ ಅಗಲ. ಅದರಲ್ಲಿ ಒಂದು ಪದರಕ್ಕೆ ಹಿಡಿಯುವ ಕ್ಯಾನುಗಳು ಸುಮಾರು ನೂರ ಇಪ್ಪತ್ತೈದು. ತುಂಬಿದ ಕ್ಯಾನಿನ ತೂಕ ಸುಮಾರು ಹದಿನೆಂಟು ಕಿಲೋ. ಅಂದರೆ ಒಂದೇ ಪದರಕ್ಕೆ ಎರಡೂವರೆ ಟನ್ನಿನ ಅಧಿಕೃತ ಹೇರು ಹತ್ತಿರ ಹತ್ತಿರ ಮುಗಿದೇ ಹೋಯಿತು! ಆ ಮಿತಿಯು ರಸ್ತೆಯಿಲ್ಲದ ನೆಲಕ್ಕೆ ಹೇಳಿದ್ದು. ರಸ್ತೆಯ ಮೇಲೆ ಐದು ಟನ್ನಿನವರೆಗೂ ಹೇರುತ್ತಿದ್ದರು. ಹಾಗಾಗಿ ಎರಡು ಪದರ ಸರಿ, ಮೂರನೆಯದು ಕಲ್ಪನೆ. ಎರಡು ಪದರವಿಟ್ಟವರು ಹಿಂದಿನ ಕಮಾನುಪಟ್ಟಿಗಳನ್ನು ಕೊಂಚ ಚಪ್ಪಟೆಯಾಗಿಸಬೇಕು, ಟೈರುಗಳು ನೆಲ ಮುಟ್ಟುವಲ್ಲಿ ತುಸು ಉಜ್ಜಬೇಕು. ಐದು ಟನ್ ಹೊತ್ತ ಲಾರಿ ತುದಿಗಾಲಿನಲ್ಲಿ ನಿಲ್ಲುವುದುಂಟೆ?

ಬಣ್ಣದ ಹೆಸರು ಆಲಿವ್ ಡ್ರ್ಯಾಬ್. ಮೂಲದಲ್ಲಿ ಅದು ಹಳದಿ ಕಾವಿಗೆ ಕಪ್ಪು ಬೆರೆಸಿದ ಬಣ್ಣ. ಒಂದಡಿ ದೂರದಿಂದ ಮಾದರಿಯನ್ನು ನೋಡುವುದು ಮೂವತ್ತೈದು ಅಡಿಯಿಂದ ಲಾರಿಯನ್ನು ನೋಡಿದಂತೆ. ಆದುದರಿಂದ ಮೂಲ ಬಣ್ಣಕ್ಕಿಂತ ಸ್ವಲ್ಪ ತಿಳಿಯಾಗಿರಲಿ. ಬಾನೆಟ್ಟಿನ ಪಕ್ಕದಲ್ಲಿ ಬರೆಯುವ ಸಂಖ್ಯೆ ‘ಡಬ್ಲ್ಯು’ ಅಕ್ಷರದಿಂದಲೂ, ಈ ವರ್ಗದ ಲಾರಿಗಳಿಗೆ 4ರ ಅಂಕಿಯಿಂದಲೂ ಆರಂಭವಾಗುತ್ತದೆ. ಮೊದಲು ಆ ಸಂಖ್ಯೆಯನ್ನು ಮಂದ ನೀಲಿಯಲ್ಲಿ ಬರೆಯುತ್ತಿದ್ದರು, ಅನಂತರ ಬಿಳಿಯಲ್ಲಿ. ನೀಲಿ ಅಂಕಿಗಳು ಕಪ್ಪು-ಬಿಳುಪು ಛಾಯಾಚಿತ್ರದಲ್ಲಿ ಕಾಣುವುದೇ ಇಲ್ಲ. ಚಿತ್ರದಲ್ಲಿ ಕಾಣಲಿಲ್ಲವೆಂದರೆ ಇರಲಿಲ್ಲವೆಂದು ತೀರ್ಮಾನಿಸಬಾರದೆಂಬ ಪಾಠವನ್ನು ನಾವು ಎರಡು ಬಾರಿ ಬಣ್ಣ ಬಳಿದು ಕಲಿತೆವು.

ಈಗ ನಾವು ಆರಿಸಿದ ದಿನಕ್ಕೆ ಬರೋಣ. ನಾರ್ಮಂಡಿಯಿಂದ ಹೊರಬಿದ್ದ ಅಮೆರಿಕನ್ ಸೈನ್ಯಗಳು 1944ರ ಆಗಸ್ಟಿನಲ್ಲಿ ಎಷ್ಟು ವೇಗವಾಗಿ ಮುನ್ನುಗ್ಗಿದವೆಂದರೆ ಪೆಟ್ರೋಲು, ಮದ್ದುಗುಂಡು, ಆಹಾರ ಹಿಂದೆಯೇ ಉಳಿದವು. ರೈಲುಮಾರ್ಗಗಳು ಮಿತ್ರಪಕ್ಷಗಳ ಬಾಂಬುಗಳಿಂದಲೇ ಹಾಳಾಗಿದ್ದವು. ಆಗಸ್ಟ್ 25ರಂದು ಸೇಂಟ್ ಲೋ ಪಟ್ಟಣದಿಂದ ಶಾರ್ತ್ರ್ ಪ್ರದೇಶದವರೆಗೆ ಹೋಗಲು ಒಂದು ರಸ್ತೆ, ಬರಲು ಇನ್ನೊಂದು ರಸ್ತೆಯನ್ನು ಮೀಸಲಿಟ್ಟು ಹಗಲಿರುಳೆನ್ನದೆ ಲಾರಿಗಳನ್ನು ಓಡಿಸತೊಡಗಿದರು. ಇದೇ ‘ರೆಡ್ ಬಾಲ್ ಎಕ್ಸ್‌ಪ್ರೆಸ್’. ನಾಲ್ಕೇ ದಿನಗಳಲ್ಲಿ, ಅಂದರೆ 29ರಂದು, 132 ಕಂಪನಿಗಳ 5,958 ವಾಹನಗಳು ಹನ್ನೆರಡು ಸಾವಿರ ಟನ್ನಿಗೂ ಹೆಚ್ಚು ಸಾಮಗ್ರಿಯನ್ನು ಸಾಗಿಸಿದವು. ನವೆಂಬರ್ 16ರಂದು ಮುಕ್ತಾಯವಾಗುವ ವೇಳೆಗೆ ಒಟ್ಟು ನಾಲ್ಕು ಲಕ್ಷ ಟನ್ನಿಗೂ ಮಿಗಿಲಾದ ಸಾಮಗ್ರಿ ಸಾಗಿತ್ತು.

ಈ ಲಾರಿಗಳ ಚಾಲಕರಲ್ಲಿ ಸುಮಾರು ಮುಕ್ಕಾಲು ಪಾಲು ಆಫ್ರಿಕನ್ ಅಮೆರಿಕನ್ನರು. ಅಂದಿನ ಸೈನ್ಯವು ಅವರನ್ನು ಬೇರೆ ತುಕಡಿಗಳಲ್ಲಿಟ್ಟು, ಬಹುಪಾಲು ಮಂದಿಗೆ ಬಂದೂಕಿನ ಬದಲು ಸ್ಟಿಯರಿಂಗ್ ಚಕ್ರವನ್ನೂ ಸಲಿಕೆಯನ್ನೂ ಕೊಟ್ಟಿತ್ತು. ಮಾದರಿ ಲಾರಿಯ ಪೆಟ್ಟಿಗೆಯಲ್ಲಿ ಬರುವ ಬಣ್ಣದ ಸೂಚನಾ ಹಾಳೆಯು ಇದನ್ನೇನೂ ಹೇಳುವುದಿಲ್ಲ. ನಮ್ಮ ಹಾಳೆಯು ಚಾಲಕನ ಮುಖಕ್ಕೆ ಬಿಳಿಯರ ಮೈಬಣ್ಣವನ್ನೇ ಸೂಚಿಸಿತ್ತು. 1952ರಲ್ಲಿ ಇದೇ ಹೆಸರಿನ ಹಾಲಿವುಡ್ ಚಿತ್ರ ಬಂದಿತು. ಅದರಲ್ಲಿ ಸಿಡ್ನಿ ಪಾಯ್ಟಿಯರ್ ನಟಿಸಿದ್ದರೂ ಕಥಾನಾಯಕ ಬಿಳಿಯನೇ. ಬೋಲ್ಟಿನ ತಲೆ ಎಷ್ಟು ಮೂಲೆಯದೆಂದು ವಾದಿಸುವ ನಾವು ಮುಕ್ಕಾಲು ಪಾಲು ಚಾಲಕರನ್ನೇ ಅಳಿಸಿಬಿಟ್ಟರೆ ಅದು ಎಂತಹ ನಿಖರತೆ? ಬೋಲ್ಟು ತಪ್ಪಿದರೆ ಹವ್ಯಾಸಿಗಳಷ್ಟೇ ನಗುತ್ತಾರೆ. ಮುಖ ತಪ್ಪಿದರೆ ಮಾದರಿ ನೋಡಲು ಬಂದ ಮಗುವು ಸುಳ್ಳನ್ನು ಮನೆಗೆ ಒಯ್ಯುತ್ತದೆ.

ನಾವು ಆ ವಾರವನ್ನು ಆರಿಸಲು ಕಾರಣ ಒಂದು ಛಾಯಾಚಿತ್ರ. 1944ರ ಸೆಪ್ಟೆಂಬರ್ 5ರಂದು ಅಲಾನ್ಸೋನ್ ಬಳಿ ಸೈನ್ಯದ ಛಾಯಾಗ್ರಾಹಕರು ತೆಗೆದದ್ದು. ರಸ್ತೆಯ ಪಕ್ಕದಲ್ಲಿ ನಿಂತು, ಲಾರಿಗಳ ಸಾಲಿಗೆ ಮುಂದೆ ಸಾಗಿರೆಂದು ಕೈಬೀಸುತ್ತಿರುವವನು 783ನೆಯ ಮಿಲಿಟರಿ ಪೊಲೀಸ್ ಬಟಾಲಿಯನ್ನಿನ ಕಾರ್ಪೊರಲ್ ಚಾರ್ಲ್ಸ್ ಎಚ್. ಜಾನ್ಸನ್. ಆತನೂ ಕಪ್ಪು ವರ್ಣದವನು. ಚಿತ್ರದ ಅಡಿಬರಹದಲ್ಲಿ ಆತನ ಹೆಸರು ಉಳಿದಿದೆ. ಸಾಲಿನಲ್ಲಿ ಸಾಗಿದ ಸಾವಿರಾರು ಚಾಲಕರ ಹೆಸರುಗಳಿಗೆ ಆ ಭಾಗ್ಯವೂ ಇಲ್ಲ. ಸೈನ್ಯದಲ್ಲಿ ಈ ವರ್ಣಭೇದವನ್ನು ನಿಲ್ಲಿಸುವ ಆಜ್ಞೆಯನ್ನು ಅಧ್ಯಕ್ಷ ಟ್ರೂಮನ್ ಹೊರಡಿಸಿದ್ದು 1948ರ ಜುಲೈ 26ರಂದು. ಯುದ್ಧದಿಂದ ಮರಳಿದ ಇಂತಹ ಅನೇಕರು ಮುಂದೆ ನಾಗರಿಕ ಹಕ್ಕುಗಳ ಹೋರಾಟಕ್ಕೆ ಹೆಗಲು ಕೊಟ್ಟರು. ಆ ಹೋರಾಟ ಬದಲಿಸಿದ ವಾತಾವರಣದಲ್ಲಿಯೇ 1965ರ ವಲಸೆ ಕಾಯಿದೆಯೂ ಅಂಗೀಕಾರವಾಯಿತು; ಈ ದೇಶದಲ್ಲಿ ನಮ್ಮಲ್ಲಿ ಬಹಳ ಮಂದಿಗೆ ಬಾಗಿಲು ತೆರೆದದ್ದು ಆ ಕಾಯಿದೆ.

ಮುಖಕ್ಕೆ ಬಣ್ಣ ಹಾಕುವಾಗ ಒಂದು ಎಚ್ಚರಿಕೆ. ಒಂದೇ ಡಬ್ಬಿಯ ಕಂದು ಬಳಿದರೆ ಮುಖವು ಮರದ ಬೊಂಬೆಯಾಗುತ್ತದೆ. ಕೆಂಪು ಛಾಯೆಯ ಕಂದನ್ನು ತಳಕ್ಕೆ ಹಾಕಿ, ಕೆನ್ನೆ, ಮೂಗು, ಹಣೆಗಳಿಗೆ ಸ್ವಲ್ಪ ಕಾವಿ ಬೆರೆಸಿ ಏರಿಸಬೇಕು. ಪ್ರತಿ ಲಾರಿಗೆ ಇಬ್ಬರು ಚಾಲಕರು. ಇಬ್ಬರ ಮೈಬಣ್ಣವೂ ಒಂದೇ ಆಗಿರಬೇಕಿಲ್ಲ. ನಮ್ಮ ಊರುಗಳ ಮುಖಗಳನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಭಾರತದ ನೆಲದ ಮೇಲೆಯೇ ಲಾರಿ ನಿಲ್ಲಿಸಬಯಸುವವರಿಗೆ ಅಸ್ಸಾಮಿನ ಲೇಡೋ ಇದೆ. ಅಲ್ಲಿಂದ 1945ರ ಜನವರಿ 12ರಂದು ಹೊರಟ ಮೊದಲ ಲಾರಿಗಳ ಸಾಲು ಬರ್ಮಾದ ಕಾಡು ಬೆಟ್ಟಗಳನ್ನು ದಾಟಿ ಫೆಬ್ರವರಿ 4ರಂದು ಚೀನಾದ ಕುನ್‌ಮಿಂಗ್ ತಲುಪಿತು. ಆ ರಸ್ತೆಯನ್ನು ಕಡಿದ ಅಮೆರಿಕನ್ ಸೈನಿಕರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿ ಆಫ್ರಿಕನ್ ಅಮೆರಿಕನ್ನರು. ಅವರೊಡನೆ ಸಾವಿರಾರು ಮಂದಿ ಭಾರತೀಯ ಕೂಲಿಗಳೂ ದುಡಿದರು. ಫ್ರಾನ್ಸಿನ ಒಣಧೂಳನ್ನು ಅಲ್ಲಿಗೆ ಒಯ್ಯಬೇಡಿ. ಅಲ್ಲಿ ಬೇಕಾದದ್ದು ಕೆಸರು.

ನಮ್ಮ ಲಾರಿಗೆ ಮಾತ್ರ ಧೂಳೇ. ಕಡೆಯದಾಗಿ ರಸ್ತೆಯಂಚಿಗೆ ಒಂದು ವಸ್ತುವನ್ನು ಸೇರಿಸಿದೆವು. ಸೈನಿಕರು ಉಂಡು ಎಸೆದ ಊಟದ ತಗಡಿನ ಡಬ್ಬಿಗಳು ಆ ದಾರಿಗಳ ತುಂಬ ಬಿದ್ದು, ಹರಿತವಾದ ಅಂಚುಗಳಿಂದ ಲಾರಿಗಳ ಟೈರುಗಳನ್ನು ಸೀಳುತ್ತಿದ್ದವು. ಟೈರಿನ ಅಭಾವಕ್ಕೆ ಅದೂ ಒಂದು ಕಾರಣವೆಂದು ಸೈನ್ಯದ ಇತಿಹಾಸಗಳಲ್ಲಿ ದಾಖಲಾಗಿದೆ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಸೂಜಿಯ ಸುತ್ತ ಸುತ್ತಿ ಕತ್ತರಿಸಿದರೆ ಎರಡು ಮಿಲಿಮೀಟರಿನ ಡಬ್ಬಿ ಸಿದ್ಧ. ಅಂತಹ ಆರನ್ನು ಹಿಂದಿನ ಚಕ್ರದ ಮುಂದೆ, ಮುಚ್ಚಳ ಅರ್ಧ ತೆರೆದಂತೆ, ಅಂಟಿಸಿದ್ದೇವೆ.