ಐವತ್ತರ ವಯಸ್ಸಿನಲ್ಲಿ ಹೊಸ ಊರು

ಐವತ್ತರ ಹೊತ್ತಿಗೆ ಪರದೇಶದಲ್ಲಿ ಹೊಸದಾಗಿ ಬದುಕು ಹೂಡುವುದೆಂದರೆ, ಊರು ಬಿಟ್ಟು ಬಂದ ನಮ್ಮಂಥವರಿಗೂ ಎದೆ ಅಳುಕುವ ಮಾತು. ಶ್ರೀಮತಿ ಜೊಹ್ರಾ ಸೆಹಗಲ್‌ರವರು 1962ರಲ್ಲಿ ಲಂಡನ್ನಿಗೆ ಹೊರಟಾಗ ಪತಿ ತೀರಿಕೊಂಡು ಮೂರು ವರ್ಷವಾಗಿತ್ತು. ಇಬ್ಬರು ಮಕ್ಕಳ ಹೊಣೆ ಅವರದೇ. ಉದಯಶಂಕರರ ತಂಡದಲ್ಲಿ ನರ್ತಿಸಿ, ಪೃಥ್ವಿ ಥಿಯೇಟರ್ಸ್‌ನೊಡನೆ ಹದಿನಾಲ್ಕು ವರ್ಷ ಊರೂರು ತಿರುಗಿ ಗಳಿಸಿದ ಹೆಸರು ಅಲ್ಲಿ ಅಷ್ಟಾಗಿ ನಡೆಯುವ ನಾಣ್ಯವೇನಲ್ಲ. ಸಣ್ಣಪುಟ್ಟ ಪಾತ್ರಗಳಲ್ಲೇ ವರ್ಷಗಳು ಕಳೆದುವು. 1984ರಲ್ಲಿ ‘ದಿ ಜ್ಯುವೆಲ್ ಇನ್ ದಿ ಕ್ರೌನ್’ ಟೆಲಿವಿಷನ್ ಮಾಲಿಕೆಯಲ್ಲಿ ಲೇಡಿ ಚಟರ್ಜಿಯಾಗಿ ಕಾಣಿಸಿಕೊಂಡಾಗ ಅವರಿಗೆ ಎಪ್ಪತ್ತು ದಾಟಿತ್ತು! 1993ರಲ್ಲಿ ‘ಭಾಜಿ ಆನ್ ದಿ ಬೀಚ್’ ಚಲಚ್ಚಿತ್ರ ಬಂದಿತು. ನನಗಾದರೋ ಅದೇ ವರ್ಷದ ‘ಏಕ್ ಥೀ ನಾನಿ’ ನಾಟಕವೇ ಹೆಚ್ಚಿನದು. ಪಾಕಿಸ್ತಾನದಲ್ಲಿ ನೆಲೆಸಿದ್ದ ತಂಗಿ ಉಜ್ರಾ ಬಟ್‌ರೊಡನೆ, ಲಾಹೋರಿನಲ್ಲಿ, ಆ ಅಕ್ಕ ಒಂದೇ ರಂಗದ ಮೇಲೆ ನಿಂತರು.