ಹದಿನೇಳು ಗಂಟೆಯ ಲೆಕ್ಕ

2023ರ ಬೇಸಿಗೆಯಲ್ಲಿ ನಮ್ಮಣ್ಣ ತೀರಿಕೊಂಡ. ಅವನ ಮಗ ಇರುವುದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. "ನಾನು ಬರೋವರೆಗೂ ಇಟ್ಟುಕೊಳ್ಳಿ ಚಿಕ್ಕಪ್ಪ" ಅಂತ ಫೋನಿನಲ್ಲಿ ಅತ್ತ. ಬೆಂಗಳೂರಿಗೆ 17 ಗಂಟೆ ಅಂತ ಹಿಂದೆ ಅವನೇ ಹೇಳಿದ್ದ. ಮಾರನೇ ದಿನ ಸಂಜೆವರೆಗೆ ಕಾದು, ಬಿಸಿಲಿಗೆ ಹೆದರಿ ಮಣ್ಣು ಮಾಡಿಬಿಟ್ವಿ. ಅವನು ಬಂದಾಗ ಗುಡ್ಡೆ ಮೇಲಿನ ಹೂವು ಬಾಡಿತ್ತು. "17 ಗಂಟೆ ಅಂದಿದ್ದೆಯಲ್ಲೋ" ಅಂತ ಗದರಿದೆ. ತಪ್ಪು ನನ್ನದೇ ಅಂತ ಆಮೇಲೆ ತಿಳೀತು.

17 ಗಂಟೆ ಸುಳ್ಳಲ್ಲ. 2021ರ ಜನವರಿ 9ರ ರಾತ್ರಿ ಎಂಟೂವರೆಗೆ ಅಲ್ಲಿಂದ ಹೊರಟ ಏರ್ ಇಂಡಿಯಾ ವಿಮಾನ ಎಲ್ಲೂ ನಿಲ್ಲದೆ 11ರ ನಸುಕಿಗೆ ಬೆಂಗಳೂರಿಗೆ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಜೊತೆಯ ಪೈಲಟ್‌ಗಳು ಎಲ್ಲರೂ ಹೆಣ್ಣುಮಕ್ಕಳು. ತಾರೀಕು ನೋಡಿದರೆ ಮೂವತ್ತು ಗಂಟೆ ಮೇಲಾಯಿತು ಅನ್ನಿಸುತ್ತೆ. ಅದರಲ್ಲಿ ಹದಿಮೂರೂವರೆ ಗಂಟೆ ನಮ್ಮ ಗಡಿಯಾರ ಮುಂದಿರುವ ಲೆಕ್ಕ. ಅವರ ಬೇಸಿಗೆಯಲ್ಲಿ ಇದು ಹನ್ನೆರಡೂವರೆ ಆಗುತ್ತೆ.

ದೂರ ಎಷ್ಟು? ಸುಮಾರು 14,000 ಕಿ.ಮೀ. ಗೋಡೆ ನಕ್ಷೆ ಮೇಲೆ ಗೆರೆ ಎಳೆದರೆ ಇದು ಸಿಗೋದಿಲ್ಲ. ನಾನು ಊರ ಶಾಲೆಯ ಗೋಳದ ಮೇಲೆ ಶೇಂಗಾ ಚೀಲ ಹೊಲಿಯುವ ದಾರ ಬಿಗಿ ಹಿಡಿದು ನೋಡಿದೆ. ಬದು ಹಾಕಲು ಹಗ್ಗ ಹಿಡೀತೀವಲ್ಲ, ಹಾಗೆ. ದಾರ ಅಡ್ಡಡ್ಡ ಹೋಗದೆ ಹಿಮಾಲಯ, ಮಂಗೋಲಿಯಾ, ಸೈಬೀರಿಯಾ ದಾಟಿ ಮೇಲೇರಿ, ಅಲಾಸ್ಕಾದಿಂದ ಕೆಳಗಿಳೀತು. ಆದರೂ ವಿಮಾನ ಯಾವಾಗಲೂ ದಾರದ ಮೇಲೇ ಹಾರೋದಿಲ್ಲ. ಮೇಲೆ ಪಡುವಣದಿಂದ ಮೂಡಣಕ್ಕೆ ಜೋರು ಗಾಳಿ ಇರುತ್ತೆ. ಗಾಳಿ ನೋಡಿಯೇ ದಾರಿ ಹಿಡೀತಾರೆ. 2021ರ ಆ ವಿಮಾನ ಉತ್ತರ ಧ್ರುವದ ಮೇಲೇ ಹಾದು ಬಂತು.

ಇಷ್ಟು ದೂರ ನಿಲ್ಲದೆ ಬರೋ ವಿಮಾನ ಕಡಿಮೆ. ಅಂದು ಬಂದ ಬೋಯಿಂಗ್ ಜಾತಿಯ ವಿಮಾನದ ಟ್ಯಾಂಕಿ ತುಂಬಲು 1,80,000 ಲೀಟರ್ ಬೇಕು. ದೂರದ ಜಾತ್ರೆಗೆ ಗಾಡಿ ಕಟ್ಟಿದರೆ ಎತ್ತಿನ ಹುಲ್ಲೇ ಅರ್ಧ ಗಾಡಿ ತುಂಬೋ ಹಾಗೆ.

2023ರಲ್ಲಿ ಆ ನೇರ ವಿಮಾನ ದಿನಾ ಇರಲಿಲ್ಲ. ಹುಡುಗ ಟಿಕೆಟಿಗೆ ಅರ್ಧ ದಿನ ಪರದಾಡಿ ದುಬೈ ಮೇಲೆ ಬಂದ. ಅವನು ಕೊಟ್ಟ ಲೆಕ್ಕ ಹೀಗಿದೆ: ನಿಲ್ದಾಣದಲ್ಲಿ ಮುಂಚೆ 3 ಗಂಟೆ, ದುಬೈವರೆಗೆ 16, ಅಲ್ಲಿ ಕಾದಿದ್ದು 4, ಬೆಂಗಳೂರಿಗೆ 4, ಹೊರಗೆ ಬರೋಕೆ 1, ನಮ್ಮೂರಿಗೆ ಕಾರಿನಲ್ಲಿ 5. ಒಟ್ಟು 33. ಅರ್ಧ ದಿನ ಸೇರಿಸಿದರೆ ಎರಡು ದಿನಕ್ಕೆ ಹತ್ತಿರ.

ಮಕ್ಕಳು ಹೊರದೇಶದಲ್ಲಿದ್ದವರು ಈ ಲೆಕ್ಕ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಯಾವ್ಯಾವ ವಾರ ವಿಮಾನ, ಎಲ್ಲಿ ಬದಲಿ, ಮನೆ ಬಾಗಿಲಿಗೆ ಎಷ್ಟು ಗಂಟೆ ಅಂತ. ಶವ ಇಡುವ ಶೀತಪೆಟ್ಟಿಗೆ ಹತ್ತಿರದಲ್ಲಿ ಎಲ್ಲಿ ಬಾಡಿಗೆಗೆ ಸಿಗುತ್ತೆ ಅನ್ನೋದನ್ನೂ ವಿಚಾರಿಸಿ. ಇನ್ನೊಂದು ರಾತ್ರಿ ಕಾದಿದ್ದರೆ ಹುಡುಗ ಅಪ್ಪನ ಮುಖ ನೋಡ್ತಿದ್ದ.